ಒಂಟಿ ಅಕ್ಷರದ ಅಕ್ಕಪಕ್ಕ

ಒಂದೇ ಅಕ್ಷರದ ಪದಗಳು ಕನ್ನಡದಲ್ಲಿ ಎಷ್ಟಿವೆ ಎಂದು ಬಿಡುವಿದ್ದಾಗ ಒಮ್ಮೆ ಎಣಿಸಿ ನೋಡಿ. ಆ, ಈ, ಏ, ಓ ಎಂದು ಸ್ವರಗಳಲ್ಲೇ ಶುರುವಾಗುತ್ತದೆ. ಆಮೇಲೆ ಕೈ, ಮೈ, ಹೂ, ಬಾ, ತಾ, ನಾ, ನೀ. ಹಳಗನ್ನಡದ ಕಡೆ ತಿರುಗಿದರೆ ಸ್ನಾನ ಮಾಡು ಎನ್ನುವುದಕ್ಕೆ ಮೀ, ಬೆಂದುಹೋಗು ಎನ್ನುವುದಕ್ಕೆ ಬೇ. ಸಂಸ್ಕೃತದಿಂದ ಬಂದು ಮನೆಯವರೇ ಆಗಿಹೋದ ಶ್ರೀ, ಸ್ತ್ರೀ, ಭೂ, ಗೋ. ಇಂಗ್ಲಿಷಿನಿಂದ ಬಂದ ಟೀ, ಕೀ. ಪಟ್ಟಿ ಬೆಳೆಯುತ್ತಲೇ ಹೋಗುತ್ತದೆ. ಇಂಗ್ಲಿಷಿನವರಿಗೆ ಈ ಲೆಕ್ಕ ಬೇಗ ಮುಗಿಯುತ್ತದೆ. ದಿನಬಳಕೆಯಲ್ಲಿ ಎ ಮತ್ತು ಐ, ಹಳೆಯ ಪದ್ಯಗಳಲ್ಲಿ ಕರೆಯುವುದಕ್ಕೆ ಬರುವ ಓ, ಅಷ್ಟೇ. ಓದುವವರಿಗೆ ಈ ವ್ಯತ್ಯಾಸದಿಂದ ಏನೂ ಆಗಬೇಕಾದ್ದಿಲ್ಲ. ಕಂಪ್ಯೂಟರಿನಲ್ಲಿ ಕನ್ನಡ ಪಠ್ಯವನ್ನು ಹಸನು ಮಾಡುವವರಿಗೆ ಮಾತ್ರ ಕೆಲಸವೆಲ್ಲ ಈ ವ್ಯತ್ಯಾಸದ ಮೇಲೆಯೇ ನಿಂತಿದೆ.

ಹಳೆಯ ಪುಸ್ತಕವನ್ನು ಸ್ಕ್ಯಾನ್ ಮಾಡಿ ಓಸಿಆರ್‌ಗೆ, ಅಂದರೆ ಚಿತ್ರದಲ್ಲಿರುವ ಅಕ್ಷರಗಳನ್ನು ಗುರುತಿಸಿ ಪಠ್ಯವಾಗಿಸುವ ತಂತ್ರಾಂಶಕ್ಕೆ, ಕೊಟ್ಟಿರಿ ಎನ್ನೋಣ, ಅಥವಾ ‘ನುಡಿ’, ‘ಬರಹ’ ಎಂಬ ತಂತ್ರಾಂಶಗಳಲ್ಲಿ ಹಿಂದೆಂದೋ ಟೈಪು ಮಾಡಿದ್ದನ್ನು ಯೂನಿಕೋಡಿಗೆ ತಿರುಗಿಸಿದಿರಿ. ಹೊರಬರುವ ಪಠ್ಯದಲ್ಲಿ ಅಲ್ಲಲ್ಲಿ ಅಕ್ಷರಗಳು ಒಂಟಿಯಾಗಿ ಬಿದ್ದಿರುತ್ತವೆ. ಪದದ ಬಾಲ ಕಡಿದು ‘ಲ್ಲಿ’ ಒಂದು ಕಡೆ, ‘ನ್ನು’ ಇನ್ನೊಂದು ಕಡೆ. ಪುಟದ ನಡುವೆ ಎಲ್ಲಿಂದಲೋ ಬಂದ ಒಂದು ‘ದ’. ಇವುಗಳನ್ನು ಕಣ್ಣಿನಿಂದ ಹುಡುಕುತ್ತ ಕೂತರೆ ನಾನೂರು ಪುಟದ ಪುಸ್ತಕಕ್ಕೆ ತಿಂಗಳು ಸಾಲದು. ಅದಕ್ಕೇ ರೆಜೆಕ್ಸ್.

ರೆಗ್ಯುಲರ್ ಎಕ್ಸ್‌ಪ್ರೆಶನ್ ಎನ್ನುವುದನ್ನು ಬಳಸುವವರೆಲ್ಲ ಕರೆಯುವುದು ಹೀಗೆಯೇ. ಸಾಮಾನ್ಯ ಹುಡುಕಾಟದಲ್ಲಿ ನಾವು ಒಂದು ಪದ ಕೊಡುತ್ತೇವೆ, ಯಂತ್ರ ಅದನ್ನೇ ಹುಡುಕಿ ತೋರಿಸುತ್ತದೆ. ರೆಜೆಕ್ಸಿನಲ್ಲಿ ಪದದ ಬದಲು ಲಕ್ಷಣ ಕೊಡುತ್ತೇವೆ. ಹಿಂದೆ ಖಾಲಿ ಜಾಗ, ಮುಂದೆ ಖಾಲಿ ಜಾಗ, ನಡುವೆ ಒಂದೇ ಒಂದು ವ್ಯಂಜನ, ಹೀಗಿರುವುದನ್ನೆಲ್ಲ ತೋರಿಸು ಎಂದರೆ ತೋರಿಸುತ್ತದೆ. ಬದಲಿಸು ಎಂದರೆ ಬದಲಿಸುತ್ತದೆ. ಇದು ಹುಟ್ಟಿದ್ದು ಪಠ್ಯ ತಿದ್ದುವವರ ಮೇಜಿನ ಮೇಲಲ್ಲ ಎಂಬುದು ನನಗೆ ಯಾವಾಗಲೂ ಸೋಜಿಗ. 1943ರಲ್ಲಿ ಮೆಕಲಾಕ್ ಮತ್ತು ಪಿಟ್ಸ್ ಮಿದುಳಿನ ನರಕೋಶಗಳ ಜಾಲಕ್ಕೆ ಒಂದು ಗಣಿತದ ಮಾದರಿ ಕೊಟ್ಟರು. ಅಂಥ ಜಾಲ ಯಾವ ಯಾವ ಘಟನಾಸರಣಿಗಳನ್ನು ಗುರುತಿಸಬಲ್ಲದು ಎಂದು ಸ್ಟೀಫನ್ ಕ್ಲೀನಿ ಎಂಬ ತರ್ಕಶಾಸ್ತ್ರಜ್ಞ 1951ರಲ್ಲಿ ಬರೆದ. ಅದು 1956ರಲ್ಲಿ ಅಚ್ಚಾಯಿತು. ಆ ಬರಹದ ಬೀಜಗಣಿತವನ್ನು 1968ರಲ್ಲಿ ಕೆನ್ ಥಾಂಪ್ಸನ್ ಪಠ್ಯದ ಹುಡುಕಾಟಕ್ಕೆ ಒಗ್ಗಿಸಿದ. ಯೂನಿಕ್ಸಿನ ಗ್ರೆಪ್ ಎಂಬ ಹುಡುಕಾಟದ ಸಾಧನ 1973ರ ಹೊತ್ತಿಗೆ ಬಂತು. ‘ಎಷ್ಟು ಸಲವಾದರೂ ಬರಲಿ’ ಎನ್ನುವುದಕ್ಕೆ ನಾವು ಇವತ್ತೂ ಹಾಕುವ ನಕ್ಷತ್ರದ ಗುರುತಿಗೆ ಕ್ಲೀನಿಯ ಹೆಸರೇ ಉಳಿದಿದೆ.

ಇದನ್ನು ಪಠ್ಯಕ್ಕೆ ಒಗ್ಗಿಸಿದವರ ಮುಂದೆ ಇದ್ದದ್ದು ಇಂಗ್ಲಿಷ್ ಪಠ್ಯ. ಅಲ್ಲಿ ಒಂದು ಅಕ್ಷರವೆಂದರೆ ಒಂದು ಗುರುತು, ಒಂದು ಸಂಕೇತಸಂಖ್ಯೆ. ಇಂಗ್ಲಿಷ್ ಪಠ್ಯದಿಂದ ಚಿಹ್ನೆಗಳನ್ನು ತೆಗೆದಾಗ ಡೋಂಟ್ ಎಂಬುದರ ಕೊನೆಯ ಟಿ, ಷಷ್ಠಿ ವಿಭಕ್ತಿಯ ಎಸ್ ಒಂಟಿಯಾಗಿ ಉಳಿದುಬಿಡುತ್ತವೆ. ಹಾಗಾಗಿ ‘ಒಂಟಿ ಅಕ್ಷರಗಳನ್ನು ಅಳಿಸು’ ಎನ್ನುವುದು ಪಠ್ಯ ವಿಶ್ಲೇಷಣೆ ಕಲಿಸುವವರೆಲ್ಲ ಮೊದಲ ಪಾಠದಲ್ಲೇ ಹೇಳಿಕೊಡುವ ಹೆಜ್ಜೆಯಾಗಿದೆ. ಎ, ಐ ಕಳೆದುಹೋದರೆ ಅವರ ಲೆಕ್ಕ ಏನೂ ಕೆಡುವುದಿಲ್ಲ. ಅದೇ ಹೆಜ್ಜೆಯನ್ನು ನಮ್ಮ ಹುಡುಗರು ಹಾಗೆಯೇ ಎತ್ತಿಕೊಂಡು ಕನ್ನಡಕ್ಕೆ ಹಾಕುತ್ತಾರೆ.

ನನ್ನ ಅಣ್ಣನ ಮಗಳು ಇಂಥದ್ದೇ ಕೆಲಸದಲ್ಲಿದ್ದಾಳೆ. ಕನ್ನಡ ಸುದ್ದಿಗಳ ದೊಡ್ಡ ರಾಶಿಯಲ್ಲಿ ಯಾವ ಪದ ಎಷ್ಟು ಸಲ ಬರುತ್ತದೆ ಎಂದು ಲೆಕ್ಕ ಹಾಕುವ ಪ್ರೋಗ್ರಾಂ ಬರೆಯುತ್ತಿದ್ದಳು, ಪೈಥಾನಿನಲ್ಲಿ. ಒಂದು ಭಾನುವಾರ ಲ್ಯಾಪ್‌ಟಾಪ್ ತಂದು ನನ್ನ ಮುಂದಿಟ್ಟಳು.

“ಚಿಕ್ಕಪ್ಪ, ಇಲ್ಲಿ ನೋಡಿ. ಅಮ್ಮ ಅನ್ನೋದು ಅಮ್ ಆಗಿದೆ. ಅಪ್ಪ ಅನ್ನೋದು ಅಪ್ ಆಗಿದೆ. ಬಸವಣ್ಣ ಹೋಗಿ ಬಸವಣ್. ಆದ್ರೆ ಕನಕ, ಕನ್ನಡ, ಬರಹ ಎಲ್ಲ ಸರಿಯಾಗೇ ಇವೆ. ನಾನು ಒಂಟಿ ಅಕ್ಷರ ಮಾತ್ರ ತೆಗಿ ಅಂದಿದ್ದು.”

“ಏನು ರೂಲ್ ಹಾಕಿದ್ದೀಯಮ್ಮ?”

“ಎಲ್ಲರೂ ಹಾಕೋದೇ. ಬ್ಯಾಕ್‌ಸ್ಲ್ಯಾಶ್ ಬಿ, ಬ್ಯಾಕ್‌ಸ್ಲ್ಯಾಶ್ ಡಬ್ಲ್ಯೂ, ಮತ್ತೆ ಬ್ಯಾಕ್‌ಸ್ಲ್ಯಾಶ್ ಬಿ.”

ಡಬ್ಲ್ಯೂ ಎಂದರೆ ಪದದೊಳಗೆ ಬರಬಹುದಾದ ಒಂದು ಗುರುತು. ಬಿ ಎಂದರೆ ಪದದ ಎಲ್ಲೆ. ಎರಡು ಎಲ್ಲೆಗಳ ನಡುವೆ ಒಂದೇ ಗುರುತಿದ್ದರೆ ಅದು ಒಂಟಿ. ಕೇಳುವುದಕ್ಕೆ ಸರಿಯಾಗಿಯೇ ಇದೆ. ಆದರೆ ಕನ್ನಡ ಯಂತ್ರದೊಳಗೆ ಹೇಗೆ ಕೂತಿದೆ ಎಂದು ನೋಡಬೇಕು. ‘ಅಮ್ಮ’ ನಮಗೆ ಎರಡು ಅಕ್ಷರ. ಯೂನಿಕೋಡಿನಲ್ಲಿ ಅದು ನಾಲ್ಕು ಗುರುತು: ಅ, ಮ, ಅರ್ಧಾಕ್ಷರದ ಗುರುತಾದ ಹಲಂತ, ಮತ್ತೆ ಮ. ಪೈಥಾನಿನ ಜೊತೆಗೇ ಬರುವ ರೆಜೆಕ್ಸ್ ಸಾಧನಕ್ಕೆ ಆ ಹಲಂತವೂ ಕಾಗುಣಿತದ ಗುರುತುಗಳೂ ಪದದ ಭಾಗವೇ ಅಲ್ಲ. ಹಾಗಾಗಿ ಹಲಂತದ ಹತ್ತಿರ ಪದ ಮುಗಿಯಿತು ಎಂದುಕೊಳ್ಳುತ್ತದೆ. ಆಚೆಗಿನ ಮ ಅದರ ಕಣ್ಣಿಗೆ ಒಂಟಿ. ಅಳಿಸಿತು, ಅಮ್ ಉಳಿಯಿತು. ‘ಕನ್ನಡ’ ಬದುಕಿಕೊಂಡದ್ದು ಹಲಂತದ ಎರಡೂ ಬದಿಗೆ ಎರಡೆರಡು ವ್ಯಂಜನ ಇರುವುದರಿಂದ. ‘ಕನಕ’, ‘ಬರಹ’ಗಳಲ್ಲಿ ಕಾಗುಣಿತದ ಗುರುತೇ ಇಲ್ಲ. ‘ಕಿತ್ತೂರು’ ಎಂದು ಕೊಟ್ಟರೆ ನಾಲ್ಕು ವ್ಯಂಜನಗಳೂ ಒಂಟಿಯಾಗಿ ಕಂಡು ನಾಲ್ಕೂ ಅಳಿಸಿಹೋಗುತ್ತವೆ. ಗುಡಿಸು, ಹಲಂತ, ಕೊಂಬು, ಕೊಂಬಿನ ದೀರ್ಘ ಮಾತ್ರ ಆಧಾರವಿಲ್ಲದೆ ತೇಲುತ್ತಿರುತ್ತವೆ. ‘ಅಕ್ಕಮಹಾದೇವಿ’ಯಲ್ಲಿ ದ ಮತ್ತು ವ ಮಾಯ.

ಅದೇ ನಿಯಮವನ್ನು ಜಾವಾಸ್ಕ್ರಿಪ್ಟಿನಲ್ಲಿ ಹಾಕಿ ನೋಡು ಎಂದೆ. ಅಲ್ಲಿ ಒಂದೂ ಸಿಗಲಿಲ್ಲ. ಅಲ್ಲಿಯ ಡಬ್ಲ್ಯೂಗೆ ಇಂಗ್ಲಿಷ್ ಅಕ್ಷರ, ಅಂಕಿ, ಅಡಿಗೆರೆ ಬಿಟ್ಟರೆ ಬೇರೇನೂ ಗೊತ್ತಿಲ್ಲ. ಕನ್ನಡವೆಲ್ಲ ಅದಕ್ಕೆ ಖಾಲಿ ಜಾಗಕ್ಕೆ ಸಮ. ಒಂದು ಕಡೆ ಅರ್ಧ ಪಠ್ಯವನ್ನೇ ನುಂಗುವ ನಿಯಮ ಇನ್ನೊಂದು ಕಡೆ ಏನನ್ನೂ ಮುಟ್ಟುವುದಿಲ್ಲ. ಕಾಗುಣಿತದ ಗುರುತುಗಳನ್ನೂ ಪದದ ಭಾಗವೆಂದೇ ಎಣಿಸಬೇಕು ಎಂದು ಯೂನಿಕೋಡ್ ಒಕ್ಕೂಟದ 18ನೆಯ ತಾಂತ್ರಿಕ ಮಾನದಂಡ ಸ್ಪಷ್ಟವಾಗಿ ಹೇಳುತ್ತದೆ. ಲಿಬ್ರೆ ಆಫೀಸಿನ ಹುಡುಕು-ಬದಲಿಸು ಅದನ್ನು ಪಾಲಿಸುತ್ತದೆ. ಪೈಥಾನಿಗೂ ರೆಜೆಕ್ಸ್ ಎಂಬ ಹೆಸರಿನದೇ ಬೇರೆ ಮಾಡ್ಯೂಲ್ ಇದೆ, ಅದೂ ಪಾಲಿಸುತ್ತದೆ. ಕನ್ನಡದ ಕೆಲಸ ಮಾಡುವವರು ಮೊದಲು ಅದನ್ನು ಹಾಕಿಕೊಳ್ಳಬೇಕು.

ಆದರೆ ಎಲ್ಲೆ ಸರಿಯಾದರೆ ಸಾಕೇ? ಅಕ್ಷರ ಎಂದರೆ ಏನು ಎಂದು ಯಂತ್ರಕ್ಕೆ ಇನ್ನೂ ಗೊತ್ತಾಗಿಲ್ಲ. ನಮ್ಮ ಲೇಖಕರ ಹೆಸರುಗಳನ್ನೇ ತೆಗೆದುಕೊಳ್ಳಿ. ಅ.ನ.ಕೃ., ತ.ರಾ.ಸು., ಪು.ತಿ.ನ., ತೀ.ನಂ.ಶ್ರೀ. ಹೆಸರನ್ನು ಹೀಗೆ ಅಕ್ಷರ ಅಕ್ಷರವಾಗಿ ಮೊಟಕು ಮಾಡಿ, ಆ ಮೊಟಕನ್ನೇ ಪ್ರೀತಿಯಿಂದ ಪೂರ್ತಿ ಹೆಸರಾಗಿಸಿಕೊಂಡ ಸಾಹಿತ್ಯ ನಮ್ಮದು. ತೀ.ನಂ.ಶ್ರೀ.ಯವರ ಹೆಸರಿನಲ್ಲಿ ನಮಗೆ ಕಾಣುವುದು ಮೂರು ಅಕ್ಷರ. ಯಂತ್ರದ ಲೆಕ್ಕದಲ್ಲಿ ‘ತೀ’ ಎರಡು ಗುರುತು, ‘ನಂ’ ಎರಡು, ‘ಶ್ರೀ’ ನಾಲ್ಕು: ಶ, ಹಲಂತ, ರ, ಗುಡಿಸಿನ ದೀರ್ಘ. ‘ಸ್ತ್ರೀ’ ಆದರೆ ಆರು. ಅಕ್ಷರದ ಲಕ್ಷಣವನ್ನು ನಾವೇ ಹೇಳಿಕೊಡಬೇಕು, ಮತ್ತು ಅದು ಕಷ್ಟವೇನೂ ಅಲ್ಲ. ಹಲಂತ ಹಾಕಿದ ವ್ಯಂಜನಗಳು ಎಷ್ಟಾದರೂ ಇರಲಿ. ಅವುಗಳ ಮುಂದೆ ಒಂದು ಪೂರ್ಣ ವ್ಯಂಜನ. ಅದಕ್ಕೊಂದು ಕಾಗುಣಿತದ ಗುರುತು, ಇದ್ದರೆ. ಕೊನೆಗೆ ಅನುಸ್ವಾರವೋ ವಿಸರ್ಗವೋ, ಇದ್ದರೆ. ಇದಲ್ಲದಿದ್ದರೆ ಒಂದು ಸ್ವರಾಕ್ಷರ. ಬರೆದರೆ ಹೀಗೆ:

(?:[ಕ-ಹೞ]್)*[ಕ-ಹೞ][ಾ-್]?[ಂಃ]?|[ಅ-ಔ][ಂಃ]?

ನಮ್ಮ ವ್ಯಾಕರಣ ಪಾಠದಲ್ಲಿ ಸಂಯುಕ್ತಾಕ್ಷರ, ಗುಣಿತಾಕ್ಷರ, ಯೋಗವಾಹ ಎಂದು ಬಾಯಿಪಾಠ ಮಾಡಿದ್ದೆಲ್ಲ ಈ ಒಂದು ಸಾಲಿನಲ್ಲಿ ಇದೆ.

ಇಲ್ಲಿ ಒಂದು ಹಳ್ಳವಿದೆ, ಹೇಳಿಯೇ ಮುಂದೆ ಹೋಗಬೇಕು. ವರ್ಣಮಾಲೆ ಬಾಯಿಗೆ ಬರುವವರು ವ್ಯಂಜನಗಳೆಲ್ಲ ಬೇಕು ಎಂದಾಗ ‘ಕ’ದಿಂದ ‘ಳ’ದವರೆಗೆ ಎಂದು ಬರೆಯುತ್ತಾರೆ, ಏಕೆಂದರೆ ನಮ್ಮ ಮಾಲೆಯ ಕೊನೆಯ ಮಣಿ ಳ. ಯೂನಿಕೋಡಿನಲ್ಲಿ ಅಕ್ಷರಗಳು ಕೂತಿರುವ ಕ್ರಮ ಬೇರೆ. ಭಾರತದ ಎಲ್ಲ ಲಿಪಿಗಳಿಗೂ ಒಂದೇ ಚೌಕಟ್ಟು ಇರಲೆಂದು ಇಸ್ಕಿ ಎಂಬ ಸಂಕೇತದಲ್ಲಿ ಹಾಕಿದ ಕ್ರಮವನ್ನೇ ಯೂನಿಕೋಡ್ 1991ರಲ್ಲಿ ಮುಂದುವರಿಸಿತು. ಅದರಲ್ಲಿ ಲ ಆದ ಕೂಡಲೇ ಳ, ಆಮೇಲೆ ವ, ಶ, ಷ, ಸ, ಹ. ಅಂದರೆ [ಕ-ಳ] ಎಂದು ಬರೆದವರ ಕೈಯಿಂದ ವ, ಶ, ಷ, ಸ, ಹ ಐದೂ ಜಾರಿಹೋದವು. ‘ವಸಂತ’ ಎಂಬ ಪದದ ಮೊದಲೆರಡು ಅಕ್ಷರ ಆ ನಿಯಮಕ್ಕೆ ಕಾಣುವುದೇ ಇಲ್ಲ. ಹಳಗನ್ನಡದ ೞ ಇನ್ನೂ ದೂರದಲ್ಲಿದೆ, ಅದಕ್ಕೇ ಅದನ್ನು ಕೈಹಿಡಿದು ಪಕ್ಕದಲ್ಲಿ ಕೂರಿಸಿದ್ದು. ಪಂಪನ ಪಠ್ಯ ತಿದ್ದುವವರು ಅದನ್ನು ಮರೆಯುವಂತಿಲ್ಲ.

ಇಷ್ಟೆಲ್ಲ ಏಕೆ, ಅಕ್ಷರ ಹಿಡಿಯುವುದಕ್ಕೆ ಬ್ಯಾಕ್‌ಸ್ಲ್ಯಾಶ್ ಎಕ್ಸ್ ಎಂಬುದು ಇದೆಯಲ್ಲ ಎಂದು ತಿಳಿದವರು ಕೇಳಬಹುದು. ಇದೆ. ಅದು ‘ಸ್ತ್ರೀ’ಯನ್ನು ಸ್, ತ್, ರೀ ಎಂದು ಮೂರು ತುಂಡು ಮಾಡುತ್ತದೆ. ಒತ್ತಕ್ಷರಗಳನ್ನು ಒಡೆಯದೆ ಒಂದೇ ಆಗಿ ಎಣಿಸುವ ನಿಯಮವನ್ನು 2023ರ ಯೂನಿಕೋಡ್ 15.1 ಆವೃತ್ತಿಯಲ್ಲಿ ತಂದರು. ದೇವನಾಗರಿ, ಬಂಗಾಳಿ, ಗುಜರಾತಿ, ಒಡಿಯಾ, ತೆಲುಗು, ಮಲಯಾಳಂ ಲಿಪಿಗಳು ಅದರಲ್ಲಿದ್ದವು. ಕನ್ನಡ ಇರಲಿಲ್ಲ. ಅದನ್ನು ಓದಿದ ದಿನ ನನಗೆ ಬಹಳ ನೋವಾಯಿತು. ಒತ್ತಕ್ಷರದ ಚೆಲುವಿಗೆ ಹೆಸರಾದ ಲಿಪಿ ಆ ಪಟ್ಟಿಯ ಹೊರಗೆ ಇರಬಾರದಾಗಿತ್ತು.

ಇನ್ನು ಒಂಟಿತನದ ಮಾತು. ಹಳೆಯ ಪುಸ್ತಕಗಳಲ್ಲಿ ಶೀರ್ಷಿಕೆಗಳನ್ನು ಬಿಡಿಬಿಡಿಯಾಗಿ ಜೋಡಿಸುತ್ತಿದ್ದರು. ಪುಟದ ಅಗಲ ತುಂಬಲಿ ಎಂದು ಮೊಳೆಗಳ ನಡುವೆ ಜಾಗ ಬಿಟ್ಟು ‘ಪ ರಿ ವಿ ಡಿ’ ಎಂದೋ ‘ಅ ರಿ ಕೆ’ ಎಂದೋ ಅಚ್ಚು ಹಾಕುವುದು. ನೋಡಲು ಸೊಗಸು. ಓಸಿಆರ್ ಇದನ್ನು ನಾಲ್ಕು ಪದ, ಮೂರು ಪದ ಎಂದು ಓದುತ್ತದೆ. ‘ಪರಿವಿಡಿ’ ಎಂದು ಹುಡುಕಿದರೆ ಸಿಗುವುದಿಲ್ಲ. ಹೊಸಬರು ಇದಕ್ಕೆ ‘ಖಾಲಿ ಜಾಗ, ಅಕ್ಷರ, ಖಾಲಿ ಜಾಗ’ ಎಂಬ ನಿಯಮ ಬರೆಯುತ್ತಾರೆ. ಆಗ ಪ ಸಿಗುತ್ತದೆ, ವಿ ಸಿಗುತ್ತದೆ. ರಿ ಮತ್ತು ಡಿ ಸಿಗುವುದಿಲ್ಲ. ಕಾರಣ ಏನೆಂದರೆ, ‘ಪ’ವನ್ನು ಹಿಡಿಯುವಾಗ ಅದರ ಮುಂದಿನ ಖಾಲಿ ಜಾಗವನ್ನೂ ಯಂತ್ರ ತನ್ನ ಕೈಗೆ ತೆಗೆದುಕೊಂಡಿರುತ್ತದೆ. ‘ರಿ’ಯ ಹಿಂದೆ ಈಗ ಅದಕ್ಕೆ ಖಾಲಿ ಜಾಗವೇ ಉಳಿದಿಲ್ಲ. ಇದಕ್ಕೆ ಮದ್ದು ಅಕ್ಕಪಕ್ಕವನ್ನು ತೆಗೆದುಕೊಳ್ಳದೆ ಬರಿದೇ ನೋಡುವ ಕಟ್ಟುಗಳು. (?<! ) ಎಂದರೆ ಹಿಂದೆ ಇದು ಇರಬಾರದು, (?! ) ಎಂದರೆ ಮುಂದೆ ಇದು ಇರಬಾರದು. ಪಕ್ಕದ ಮನೆಯಲ್ಲಿ ಯಾರಿದ್ದಾರೆ ಎಂದು ಕಾಂಪೌಂಡಿನ ಮೇಲಿಂದ ಇಣುಕಿದ ಹಾಗೆ. ಗೇಟು ತೆಗೆದು ಒಳಗೆ ಕಾಲಿಡುವುದಿಲ್ಲ. ನಮ್ಮ ಅಕ್ಷರದ ಸಾಲನ್ನು ಪೂರ್ತಿಯಾಗಿ (?: ) ಕಂಸದೊಳಗಿಟ್ಟು, ಅದರ ಎರಡು ತುದಿಗೂ (?<![ಂ-೯]) ಮತ್ತು (?![ಂ-೯]) ಸೇರಿಸಿದರೆ, ಹಿಂದೆಯೂ ಮುಂದೆಯೂ ಕನ್ನಡದ ಯಾವ ಗುರುತೂ ತಾಗದ ಅಕ್ಷರ, ಅಂದರೆ ನಿಜವಾದ ಒಂಟಿ ಅಕ್ಷರ, ಸಿಗುತ್ತದೆ.

ಅಲ್ಲಿಗೂ ಒಂದು ಅದೃಶ್ಯ ಗುರುತಿನ ಕಾಟ ಇದ್ದೇ ಇದೆ. ‘ಬಸ್‌ಗೆ’ ಎಂದು ಬರೆಯುವಾಗ ಗೆ ಒತ್ತಾಗಿ ಕೆಳಗೆ ಇಳಿಯದಿರಲೆಂದು ನಡುವೆ ಕಣ್ಣಿಗೆ ಕಾಣದ ಒಂದು ಗುರುತು ಹಾಕುತ್ತೇವೆ. ಅಗಲವಿಲ್ಲದ ಈ ಗುರುತು ಕನ್ನಡದ ಪಟ್ಟಿಯಲ್ಲಿ ಇಲ್ಲ. ಅದನ್ನು ಚೌಕ ಕಂಸದೊಳಗೆ ಸೇರಿಸದಿದ್ದರೆ ‘ಬಸ್‌ಗೆ’ಯ ಗೆ ಒಂಟಿಯೆಂದೇ ಸಿಕ್ಕಿಬೀಳುತ್ತದೆ. ಹೊಸಗನ್ನಡದಲ್ಲಿ ಇಂಥ ಪದಗಳು ಹೆಜ್ಜೆಗೊಂದು.

ಸಿಕ್ಕ ಒಂಟಿ ಅಕ್ಷರಗಳನ್ನು ಏನು ಮಾಡಬೇಕು? ಮೊದಲಲ್ಲಿ ಕೊಟ್ಟ ಪಟ್ಟಿಯನ್ನು ಇನ್ನೊಮ್ಮೆ ಓದಿ: ಆ, ಈ, ಏ, ಓ, ಕೈ, ಮೈ, ಹೂ, ಬಾ, ತಾ, ನಾ, ನೀ, ಮೀ, ಬೇ, ಶ್ರೀ, ಸ್ತ್ರೀ, ಭೂ, ಗೋ. ಎಲ್ಲವೂ ದೀರ್ಘ. ಹ್ರಸ್ವಾಕ್ಷರ ಒಂದೇ ನಿಂತು ಕನ್ನಡದಲ್ಲಿ ಪದವಾಗುವುದಿಲ್ಲ, ಒಂದೆರಡು ಉದ್ಗಾರಗಳನ್ನು ಬಿಟ್ಟರೆ. ಇದು ನಮ್ಮ ಭಾಷೆಯ ದೊಡ್ಡ ಗುಟ್ಟು, ಪಠ್ಯ ತಿದ್ದುವವರಿಗೆ ದೊಡ್ಡ ಅನುಕೂಲ. ಹಿಂದೆ ಮುಂದೆ ಚುಕ್ಕೆಯಿಲ್ಲದ ಒಂಟಿ ‘ದ’, ‘ಗೆ’, ‘ರು’ ಕಂಡರೆ ಅದು ಯಾವುದೋ ಪದದಿಂದ ಕಡಿದು ಬಿದ್ದದ್ದು ಎಂದು ಧೈರ್ಯವಾಗಿ ಹೇಳಬಹುದು. ಒಂಟಿ ‘ಹೂ’, ‘ಕೈ’ ಕಂಡರೆ ಕೈ ತಡೆಯಬೇಕು. ನಾನು ಈ ಎರಡು ಗುಂಪನ್ನೂ ಬೇರೆ ಬೇರೆ ನಿಯಮಗಳಾಗಿಯೇ ಇಟ್ಟುಕೊಂಡಿದ್ದೇನೆ. ಹ್ರಸ್ವದ ಗುಂಪಿನಲ್ಲಿ ನಿಯಮಕ್ಕೆ ಸಲಿಗೆ ಹೆಚ್ಚು, ದೀರ್ಘದ ಗುಂಪನ್ನು ಒಂದೊಂದಾಗಿ ಕಣ್ಣಿಟ್ಟು ನೋಡುತ್ತೇನೆ.

ಇದಕ್ಕಿಂತ ಗಟ್ಟಿಯಾದ ನಿಯಮ ಇನ್ನೊಂದಿದೆ. ಕನ್ನಡದ ಯಾವ ಪದವೂ ತನ್ನದೇ ಒತ್ತು ಹೊತ್ತ ಅಕ್ಷರದಿಂದ ಶುರುವಾಗುವುದಿಲ್ಲ. ‘ಲ್ಲಿ’, ‘ನ್ನು’, ‘ಕ್ಕೆ’, ‘ತ್ತದೆ’ ಇವು ಪದದ ಒಳಗೆ ಬರುವಂಥವು. ಸಾಲಿನ ಕೊನೆಯಲ್ಲಿ ಪದ ಮುರಿದು, ಮುಂದಿನ ಸಾಲು ‘ಲ್ಲಿ’ ಎಂದು ಶುರುವಾದದ್ದನ್ನು ಓಸಿಆರ್ ಬೇರೆ ಪದವೆಂದು ಬರೆದಿರುತ್ತದೆ. ಇದನ್ನು ಹಿಡಿಯಲು ([ಕ-ಹ])್\1 ಎಂದು ಬರೆದು, ಹಿಂದೆ ಕನ್ನಡದ್ದೇನೂ ಇರಬಾರದು ಎಂಬ ಕಟ್ಟನ್ನು ಅದರ ಮೊದಲಲ್ಲಿ ಇಟ್ಟರೆ ಸಾಕು. ಕೊನೆಯ ಒಂದರ ಅಂಕಿಯ ಅರ್ಥ, ಮೊದಲ ಕಂಸದಲ್ಲಿ ಯಾವ ವ್ಯಂಜನ ಸಿಕ್ಕಿತೋ ಅದೇ ಮತ್ತೆ ಬರಲಿ ಎಂದು. ಸಿಕ್ಕದ್ದನ್ನೆಲ್ಲ ಹಿಂದಿನ ಪದಕ್ಕೆ ಅಂಟಿಸಬಹುದು. ಇಷ್ಟು ನಂಬಿಕೆಯಿಂದ ಬಳಸಬಹುದಾದ ನಿಯಮ ಬೇರೆ ನನಗೆ ಸಿಕ್ಕಿಲ್ಲ. ಇದನ್ನು ಕೊಟ್ಟದ್ದು ಯಾವ ಸಾಫ್ಟ್‌ವೇರೂ ಅಲ್ಲ, ಕನ್ನಡದ ನಾಲಿಗೆ.

ಶೀರ್ಷಿಕೆಗಳಿಗೆ ಮರಳುವುದಾದರೆ, ಒಂಟಿ ಅಕ್ಷರಗಳು ಮೂರಾದರೂ ಸಾಲಾಗಿ ಬಂದರೆ ನಡುವಿನ ಜಾಗ ತೆಗೆದು ಸೇರಿಸು ಎಂಬ ನಿಯಮ ‘ಪ ರಿ ವಿ ಡಿ’ಯನ್ನು ಸರಿ ಮಾಡುತ್ತದೆ. ಆದರೆ ‘ನೀ ಆ ಹೂ ತಾ’ ಎಂದು ಯಾರೋ ಹೇಳಿದ ಮಾತನ್ನೂ ಹಿಡಿದು ಒಂದೇ ಪದ ಮಾಡುತ್ತದೆ. ಇಲ್ಲಿ ದೀರ್ಘದ ಸುಳಿವು ಇದೆ; ಜೊತೆಗೆ ‘ಆ’ ನಡುವೆ ಕೂತಿದೆ. ಸ್ವರಾಕ್ಷರ ಸಾಮಾನ್ಯವಾಗಿ ಪದದ ಮೊದಲಲ್ಲಿ ಮಾತ್ರ ಬರುವುದರಿಂದ, ನಡುವೆ ಸ್ವರಾಕ್ಷರ ಇದ್ದ ಸಾಲನ್ನು ಸೇರಿಸಬೇಡ ಎಂದರೆ ಆ ಮಾತು ಉಳಿದುಕೊಳ್ಳುತ್ತದೆ. ಸಂಗೀತದ ಪುಸ್ತಕಕ್ಕೆ ಮಾತ್ರ ಈ ಬುದ್ಧಿ ಯಾವುದೂ ಸಾಲದು. ಸ ರಿ ಗ ಮ ಪ ದ ನಿ, ಎಲ್ಲ ಒಂಟಿ, ಎಲ್ಲ ಹ್ರಸ್ವ, ಸ್ವರಾಕ್ಷರ ಒಂದೂ ಇಲ್ಲ. ಸರಳೆ ವರಸೆಯ ಪಾಠಪುಸ್ತಕಕ್ಕೆ ಈ ನಿಯಮ ಹಾಕಿದರೆ ಪಾಠವೇ ಹಾಳು. ಛಂದಸ್ಸಿನ ಪುಸ್ತಕದ ಯ ಮ ತ ರ ಜ ಭ ನ ಸ ಗಣಗಳಿಗೂ, ಒಂದನೇ ತರಗತಿಯ ಕ ಖ ಗ ಘ ಪುಟಕ್ಕೂ ಇದೇ ಗತಿ. ಯಾವ ಪುಸ್ತಕ ಕೈಯಲ್ಲಿದೆ ಎಂದು ನೋಡದೆ ನಿಯಮ ಹಾಕಲೇಬಾರದು.

ಅನುಸ್ವಾರ ಮತ್ತು ವಿಸರ್ಗದ ಕಥೆ ಇದಕ್ಕಿಂತ ಸೂಕ್ಷ್ಮ. ಕನ್ನಡ ಅಂಕಿಯ ಸೊನ್ನೆಯೂ ಅನುಸ್ವಾರವೂ ಕಣ್ಣಿಗೆ ಒಂದೇ. ಟೈಪು ಮಾಡುವವರು ಒಂದರ ಬದಲು ಇನ್ನೊಂದು ಒತ್ತುತ್ತಾರೆ, ಓಸಿಆರ್ ಕೂಡ ಎಡವುತ್ತದೆ. ‘ಸ೦ಸ್ಕೃತಿ’ ಎಂದು ಸೊನ್ನೆ ಹಾಕಿ ಬರೆದದ್ದು ಪುಟದ ಮೇಲೆ ಚೆನ್ನಾಗಿಯೇ ಕಾಣುತ್ತದೆ. ಹುಡುಕಿದರೆ ಸಿಗುವುದಿಲ್ಲ, ಅಕಾರಾದಿಯಲ್ಲಿ ಸರಿಯಾದ ಜಾಗಕ್ಕೆ ಬರುವುದಿಲ್ಲ, ಕಣ್ಣು ಕಾಣದವರಿಗೆ ಪಠ್ಯವನ್ನು ಗಟ್ಟಿಯಾಗಿ ಓದಿ ಹೇಳುವ ಸಾಧನ ಅಲ್ಲಿ ತೊಡರುತ್ತದೆ. ತಿದ್ದುವುದು ಸುಲಭ: ಕನ್ನಡ ಅಕ್ಷರದ ಬೆನ್ನಿಗೇ ಬಂದ ಸೊನ್ನೆ ಅನುಸ್ವಾರವಾಗಲಿ, ಅಂಕಿಯ ಬೆನ್ನಿಗೆ ಬಂದದ್ದು ಹಾಗೇ ಇರಲಿ. ಆದರೆ ‘ರೂ೦.೫೦’ ಎಂದು ಜಾಗ ಬಿಡದೆ ಬರೆದ ಐವತ್ತು ಪೈಸೆಯೂ ಇರುತ್ತದೆಯಲ್ಲ. ಅದಕ್ಕಾಗಿ ಮುಂದೆ ಅಂಕಿ ಬರಬಾರದು, ಚುಕ್ಕೆ ಇಟ್ಟು ಅಂಕಿಯೂ ಬರಬಾರದು ಎಂದು ಸೇರಿಸಿ (?<=[ಅ-ೌ])೦(?!\.?[೦-೯]) ಎಂದು ಬರೆಯುವುದು. ವಾಕ್ಯದ ಕೊನೆಯಲ್ಲಿ ಬರುವ ‘ರಾಜರತ್ನ೦.’ ಇದರಿಂದ ಸರಿಹೋಗುತ್ತದೆ, ಐವತ್ತು ಪೈಸೆಯೂ ಉಳಿಯುತ್ತದೆ.

ವಿಸರ್ಗದ ಬದಲು ಕೋಲನ್ ಹಾಕುವ ಅಭ್ಯಾಸ ಇನ್ನೂ ಹಳೆಯದು. ‘ದು:ಖ’, ‘ಅಂತ:ಕರಣ’. ಎರಡು ಅಕ್ಷರಗಳ ನಡುವೆ ಸಿಕ್ಕ ಕೋಲನ್ನನ್ನೆಲ್ಲ ವಿಸರ್ಗ ಮಾಡಿಬಿಟ್ಟರೆ ಆಹ್ವಾನಪತ್ರಿಕೆಯ ‘ಸ್ಥಳ:ಧಾರವಾಡ’ ಕೂಡ ವಿಸರ್ಗ ಹೊತ್ತುಕೊಳ್ಳುತ್ತದೆ. ಇಲ್ಲಿ ಸಂಧಿಯ ಪಾಠ ನೆರವಿಗೆ ಬರುತ್ತದೆ. ಪದದ ನಡುವೆ ವಿಸರ್ಗ ವಿಸರ್ಗವಾಗಿಯೇ ಉಳಿಯುವುದು ಕ, ಖ, ಪ, ಫ, ಶ, ಷ, ಸಗಳ ಮುಂದೆ: ಪ್ರಾತಃಕಾಲ, ದುಃಖ, ಅಂತಃಪುರ, ದುಃಸ್ವಪ್ನ. ಗ, ದ, ಬ, ಹಗಳಂಥವುಗಳ ಮುಂದೆ ಅದು ರೇಫವಾಗಿಯೋ ಓಕಾರವಾಗಿಯೋ ಬದಲಾಗಿಬಿಟ್ಟಿರುತ್ತದೆ: ದುರ್ಗತಿ, ಮನೋಹರ. ಚ, ತಗಳ ಮುಂದೆ ಶ್, ಸ್ ಆಗಿರುತ್ತದೆ: ನಿಶ್ಚಯ, ನಿಸ್ತೇಜ. ಹಾಗಾಗಿ ಮುಂದೆ ಈ ಏಳು ಅಕ್ಷರಗಳಲ್ಲಿ ಒಂದಿದ್ದರೆ ಮಾತ್ರ ಬದಲಿಸು ಎಂದರೆ ಧಾರವಾಡ ಪಾರಾಗುತ್ತದೆ. ಪುತ್ತೂರು ಪಾರಾಗುವುದಿಲ್ಲ, ಅದನ್ನು ಕಣ್ಣಿನಿಂದಲೇ ನೋಡಬೇಕು. ಪದದ ಕೊನೆಯ ವಿಸರ್ಗಕ್ಕೆ ಯಾವ ಲಕ್ಷಣವೂ ಒದಗುವುದಿಲ್ಲ. ‘ಬಹುಶ:’ ಎಂಬುದು ವಿಸರ್ಗ, ಕಚೇರಿ ಪತ್ರದ ‘ಉದ್ದೇಶ:’ ಎಂಬುದು ನಿಜವಾದ ಕೋಲನ್. ಪುನಃ, ಸ್ವತಃ, ಬಹುಶಃ, ಪ್ರಾಯಶಃ, ಅಕ್ಷರಶಃ, ಮೂಲತಃ ಎಂದು ಪಟ್ಟಿ ಮಾಡಿಕೊಂಡು ಅಷ್ಟನ್ನೇ ಬದಲಿಸುವುದು ಉಳಿದ ದಾರಿ.

ಹೀಗೆ ಅಕ್ಕಪಕ್ಕ ನೋಡಿ ಅಕ್ಷರ ಬದಲಿಸುವ ವಿದ್ಯೆ ನಮ್ಮವರಿಗೆ ಹೊಸದೇ? ಪಾಣಿನಿಯ ಅಷ್ಟಾಧ್ಯಾಯಿ ಇಂಥ ಸೂತ್ರಗಳ ಮಹಾಸಂಗ್ರಹ. ಯಾವುದರ ಜಾಗದಲ್ಲಿ ಎಂಬುದಕ್ಕೆ ಷಷ್ಠಿ, ಯಾವುದು ಬರಬೇಕು ಎಂಬುದಕ್ಕೆ ಪ್ರಥಮಾ, ಮುಂದೆ ಏನಿದ್ದಾಗ ಎಂಬುದಕ್ಕೆ ಸಪ್ತಮಿ, ಹಿಂದೆ ಏನಿದ್ದಾಗ ಎಂಬುದಕ್ಕೆ ಪಂಚಮಿ. ವಿಭಕ್ತಿಗಳಿಗೇ ಈ ಕೆಲಸ ಹಂಚಿ, ಅದು ಹೀಗೆಂದು ಬೇರೆ ಸೂತ್ರಗಳಲ್ಲಿ ಹೇಳಿಟ್ಟಿದ್ದಾನೆ. ಹೈಸ್ಕೂಲಿನಲ್ಲಿ ನಾವು ಓದುವ ಯಣ್ ಸಂಧಿ, ಅತಿ ಅಂತ ಸೇರಿ ಅತ್ಯಂತ ಆಗುವುದು, ಅದರದ್ದೇ ಒಂದು ಸೂತ್ರ. ಕನ್ನಡ ಸಂಧಿಗಳು ಇನ್ನೂ ನೇರ. ಲೋಪದಲ್ಲಿ ಒಂದು ಸ್ವರ ಹೋಗುತ್ತದೆ, ಊರು ಅಲ್ಲಿ ಸೇರಿ ಊರಲ್ಲಿ. ಆಗಮದಲ್ಲಿ ಒಂದು ವ್ಯಂಜನ ಬಂದು ಸೇರುತ್ತದೆ, ಮನೆ ಅಲ್ಲಿ ಸೇರಿ ಮನೆಯಲ್ಲಿ. ಆದೇಶದಲ್ಲಿ ಒಂದರ ಜಾಗಕ್ಕೆ ಇನ್ನೊಂದು, ಮಳೆ ಕಾಲ ಸೇರಿ ಮಳೆಗಾಲ. ಅಳಿಸುವುದು, ಸೇರಿಸುವುದು, ಬದಲಿಸುವುದು: ಎಡಿಟರಿನ ಹುಡುಕು-ಬದಲಿಸು ಪೆಟ್ಟಿಗೆಗೆ ಇದರಾಚೆ ಇನ್ನೊಂದು ಕೆಲಸ ಗೊತ್ತಿಲ್ಲ. 13ನೆಯ ಶತಮಾನದ ಕೇಶಿರಾಜ ಶಬ್ದಮಣಿದರ್ಪಣದಲ್ಲಿ ಸಂಧಿಪ್ರಕರಣ ಬರೆಯುವಾಗ ಸೂತ್ರದ ಜೊತೆಗೆ ಎಲ್ಲೆಲ್ಲಿ ಸಂಧಿ ಆಗಬಾರದು ಎಂಬುದನ್ನೂ ಹೇಳುತ್ತಾನೆ. ನಿಯಮಕ್ಕಿರುವಷ್ಟೇ ಗೌರವ ಅಪವಾದಕ್ಕೂ ಇದೆ. ನಮ್ಮ ಹುಡುಗರಿಗೆ ಕಂಪ್ಯೂಟರ್ ಪಾಠದ ಜೊತೆ ಈ ಪ್ರಕರಣವನ್ನೂ ಓದಿಸಿದರೆ ಅಮ್ಮ ಅಮ್ ಆಗುವುದು ತಪ್ಪುತ್ತದೆ ಎಂದು ನಾನು ನಂಬಿದ್ದೇನೆ.

ಅಪವಾದ ಎಂದಾಗ ಬೀಚಿಯವರ ಹೆಸರು ಹೇಳದೆ ಇರಲಾರೆ. ಕನ್ನಡ ಅಕ್ಷರಕ್ಕೆ ಇಂಗ್ಲಿಷ್ ಅಕ್ಷರ ತಾಗಿಕೊಂಡಿದ್ದರೆ ಅದು ಫಾಂಟ್ ಬದಲಾಯಿಸುವಾಗ ಉಳಿದ ಕಸ ಎಂದು ಹಿಡಿಯುವ ನಿಯಮ ಬಹಳ ಉಪಯೋಗದ್ದು. ನುಡಿ, ಬರಹದ ಹಳೆಯ ಫಾಂಟುಗಳಲ್ಲಿ ಕನ್ನಡದ ತುಣುಕುಗಳು ಇಂಗ್ಲಿಷ್ ಅಕ್ಷರಗಳ ಜಾಗದಲ್ಲಿ ಕೂತಿರುತ್ತಿದ್ದವಾದ್ದರಿಂದ ಇಂಥ ಕಸ ಬೇಕಾದಷ್ಟು ಉಳಿಯುತ್ತದೆ. ಆದರೆ ಬೀಚಿ ತಮ್ಮ ಹೆಸರಿನ ಮೊದಲರ್ಧವನ್ನು ಕನ್ನಡದಲ್ಲಿ, ಎರಡನೆಯ ಅರ್ಧವನ್ನು ಇಂಗ್ಲಿಷ್ ಲಿಪಿಯಲ್ಲಿ ಬರೆಯುತ್ತಿದ್ದರು. ಅವರ ಪುಸ್ತಕದ ಮೇಲೆ ಈ ನಿಯಮ ಓಡಿಸಿದರೆ ಮೊದಲು ಹೋಗುವುದು ಲೇಖಕರ ಹೆಸರೇ.

ಕನ್ನಡ ವಿಕಿಸೋರ್ಸ್‌ನಲ್ಲಿ ಸಂಜೆ ಹೊತ್ತು ಕೂತು ಹಳೆಯ ಪುಸ್ತಕಗಳ ಕರಡು ತಿದ್ದುವವರಿದ್ದಾರೆ. ತಮ್ಮ ತಾತನ ಡೈರಿಯನ್ನೋ ಊರ ದೇವಸ್ಥಾನದ ಚರಿತ್ರೆಯನ್ನೋ ಯೂನಿಕೋಡಿಗೆ ತರುತ್ತಿರುವವರಿದ್ದಾರೆ. ಅವರೆಲ್ಲರಲ್ಲಿ ನನ್ನದೊಂದು ಕೋರಿಕೆ. ಮೊದಲು ‘ಹುಡುಕು’ ಒತ್ತಿ, ಸಿಕ್ಕಿದ್ದನ್ನೆಲ್ಲ ಒಮ್ಮೆ ಓದಿ, ಆಮೇಲೆ ‘ಬದಲಿಸು’ ಒತ್ತಿ. ತಿದ್ದುವ ಮೊದಲು ಮೂಲದ ಒಂದು ಪ್ರತಿ ಬೇರೆ ಎತ್ತಿಡಿ. ನೀವು ಬರೆದ ನಿಯಮಗಳನ್ನೂ ಅವು ಎಡವಿದ ಪದಗಳನ್ನೂ ಒಂದು ಕಡೆ ಬರೆದು, ತಿದ್ದಿದ ಪಠ್ಯದ ಜೊತೆಗೇ ಎಲ್ಲರಿಗೂ ಸಿಗುವಂತೆ ಹಾಕಿ. ಮುಂದಿನ ಪುಸ್ತಕ ಕೈಗೆತ್ತಿಕೊಳ್ಳುವವರು ಅಲ್ಲಿಂದಲೇ ಶುರು ಮಾಡಬಹುದು.